ನಮ್ಮ ಕಡೆಯ ರಾಜರು ಇರುವ ಸ್ಟ್ರಾಟಜಿ ಗೇಮ್ ಯಾವುದು ತೊಗೊಳ್ಳಲಿ? ಒಳ್ಳೆ ರೋಲ್‌ಪ್ಲೇ ಗೇಮ್ ಇದ್ದರೂ ಹೇಳಿ

ಉಣಕಲ್_ಕೆರೆದಂಡೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಸ್ಟೀಮ್‌ನಲ್ಲಿ ಸೇಲ್ ಬಂದಾಗ ಒಂದು ದೊಡ್ಡ ಗೇಮ್ ತೊಗೊಳ್ಳೋಣ ಅಂತ ದುಡ್ಡು ಎತ್ತಿಟ್ಟಿದ್ದೇನೆ. ಕ್ರುಸೇಡರ್ ಕಿಂಗ್ಸ್ 3, ಸಿವಿಲೈಸೇಶನ್ 6, ಯುರೋಪಾ ಯೂನಿವರ್ಸಾಲಿಸ್ 4, ಈ ಮೂರರಲ್ಲಿ ಯಾವುದು ಅಂತ ತಲೆ ಕೆಟ್ಟಿದೆ.

ಇಷ್ಟು ದಿನ ಆಡಿದ್ದು ಜಾಸ್ತಿ ಏಜ್ ಆಫ್ ಎಂಪೈರ್ಸ್ 2. ಗೋಕುಲ ರೋಡ್ ಕಡೆ ಗೆಳೆಯನ ರೂಮಿನಲ್ಲಿ ಶನಿವಾರ ರಾತ್ರಿ ನಾಲ್ಕೈದು ಜನ ಸೇರಿ ಆಡುತ್ತೇವೆ. ಮಜಾ ಬರುತ್ತದೆ. ಆದರೆ ಒಂದು ತಾಸಿನಲ್ಲಿ ಯಾರದೋ ಊರು ಸುಟ್ಟು ಹೋಗಿ ಆಟ ಮುಗಿಯುತ್ತದೆ. ನನಗೆ ಒಂದು ರಾಜ್ಯವನ್ನು ಅಜ್ಜನಿಂದ ಮೊಮ್ಮಗನ ತನಕ ನಡೆಸಬೇಕು ಅನ್ನೋ ಆಸೆ.

ಇನ್ನೊಂದು ಮಾತು. ಭಾರತ ಅಂದರೆ ಗಾಂಧಿ, ತಾಜ್‌ಮಹಲ್, ಆನೆ ಇಷ್ಟೇ ಅನ್ನೋ ಗೇಮ್‌ಗಳನ್ನು ನೋಡಿ ಸಾಕಾಗಿದೆ. ನಮ್ಮ ಮನೆ ಹತ್ತಿರವೇ ಚಂದ್ರಮೌಳೇಶ್ವರ ಗುಡಿ ಇದೆ, ನಾಲ್ಕೂ ದಿಕ್ಕಿಗೆ ಬಾಗಿಲು. ಅದರ ಮುಂದೆ ನಿಂತಾಗೆಲ್ಲ ಇದನ್ನು ಕಟ್ಟಿಸಿದ ಕಾಲದಲ್ಲಿ ಯಾರು ಯಾರ ಮೇಲೆ ಕಣ್ಣಿಟ್ಟಿದ್ದರು, ಯಾರ ದುಡ್ಡು, ಯಾರ ದಂಡು ಅಂತ ಯೋಚನೆ ಬರುತ್ತದೆ. ಚಾಲುಕ್ಯರು, ರಾಷ್ಟ್ರಕೂಟರು ಮ್ಯಾಪಿನ ಮೇಲೆ ಬರೀ ಹೆಸರಾಗಿ ಇರದೆ ಆಟದಲ್ಲೇ ಸೇರಿರುವ ಗೇಮ್ ಇದೆಯಾ?

ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮುಂದೆ ಡೆಸ್ಕ್‌ಟಾಪ್ ಮಾಡಿಸುವ ವಿಚಾರ ಇದೆ, ಆವಾಗ ಆಡೋದಕ್ಕೆ ಮಂತ್ರ ಮಾಟ ಇಲ್ಲದ ಒಳ್ಳೆ ರೋಲ್‌ಪ್ಲೇ ಗೇಮ್ ಇದ್ದರೂ ಹೇಳಿ.

ಲಕ್ಕುಂಡಿ_ಬಾವಿ (ಗದಗ)

ಕ್ರುಸೇಡರ್ ಕಿಂಗ್ಸ್ 3 ತೊಗೊಳ್ಳಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಇತಿಹಾಸದ ಗೇಮ್ ಅಂದ ಕೂಡಲೇ ಬಹಳ ಜನ ಕಿರೀಟ ಸರಿ ಇದೆಯಾ, ಕತ್ತಿ ಸರಿ ಇದೆಯಾ ಅಂತ ನೋಡುತ್ತಾರೆ. ನಾನು ನೋಡೋದು ಒಂದೇ. ಆ ಕಾಲದ ರಾಜನಿಗೆ ಯಾವುದು ನಿದ್ದೆ ಕೆಡಿಸುತ್ತಿತ್ತೋ ಅದು ಆಡುವವನ ನಿದ್ದೆಯನ್ನೂ ಕೆಡಿಸಬೇಕು. ನಮ್ಮ ಕಡೆ ರಾಜನ ನಿದ್ದೆ ಕೆಡಿಸಿದ್ದು ಹೊರಗಿನ ವೈರಿಗಿಂತ ಜಾಸ್ತಿ ಸ್ವಂತ ಮಗ, ತಮ್ಮ, ಸಾಮಂತ. ಈ ಗೇಮ್‌ನ ಪೂರ್ತಿ ಕೆಲಸ ಅದೇ.

ಆಟ ಶುರುವಾಗುವ ವರ್ಷಗಳನ್ನೇ ನೋಡಿ. 2020ರಲ್ಲಿ ಗೇಮ್ ಬಂದಾಗ ಎರಡು ಇದ್ದವು, 867 ಮತ್ತು 1066. 867ರಲ್ಲಿ ರಾಷ್ಟ್ರಕೂಟರ ಅಮೋಘವರ್ಷ ಗದ್ದುಗೆಯ ಮೇಲಿದ್ದಾನೆ. ಅವನ ಮಗ ಕೃಷ್ಣನೇ ದಂಗೆಕೋರರ ಜೊತೆ ಸೇರಿದ್ದ, ಅದನ್ನು ಅಡಗಿಸಿಕೊಟ್ಟವನು ಸಾಮಂತ ಬಂಕೇಯ. ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಹೆಸರು ಬಂದಿದ್ದು ಅವನಿಂದಲೇ. ನಮ್ಮ ನರಗುಂದ ತಾಲೂಕಿನ ಕೊಣ್ಣೂರಿನ ಶಾಸನದಲ್ಲಿ 860ರಲ್ಲಿ ಅಮೋಘವರ್ಷ ಕೊಟ್ಟ ದಾನದ ವಿವರ ಇದೆ. ಬಂಕೇಯ ಕಟ್ಟಿಸಿದ ಬಸದಿಗೆ ಕೊಟ್ಟ ದಾನ ಅದು. ದಂಗೆ ಅಡಗಿಸಿದವನನ್ನು ರಾಜ ಹೀಗೇ ಖುಷಿಯಾಗಿ ಇಟ್ಟುಕೊಳ್ಳಬೇಕು. ಗೇಮ್‌ನಲ್ಲೂ ನೀವು ಮಾಡೋದು ಇದನ್ನೇ. ಬಲವಾದ ಸಾಮಂತನಿಗೆ ದರ್ಬಾರಿನಲ್ಲಿ ಜಾಗ ಕೊಡದೆ ಇದ್ದರೆ ಅವನು ಮುನಿಸಿಕೊಳ್ಳುತ್ತಾನೆ, ಇನ್ನಿಬ್ಬರನ್ನು ಸೇರಿಸಿಕೊಂಡು ಬಣ ಕಟ್ಟುತ್ತಾನೆ. ಆ ಬಣದ ಬಲ ನಿಮ್ಮ ದಂಡಿಗೆ ಹತ್ತಿರ ಬಂದಾಗ ಒಂದು ದಿನ ಚೀಟಿ ಬರುತ್ತದೆ, ಕೇಳಿದ್ದು ಕೊಡು ಇಲ್ಲಾ ಯುದ್ಧ ಅಂತ.

1066 ಇನ್ನೂ ರುಚಿ. ಕಲ್ಯಾಣದ ಚಾಲುಕ್ಯ ಒಂದನೇ ಸೋಮೇಶ್ವರ ಆಳುತ್ತಿದ್ದ ಕಾಲ. ಅದಕ್ಕೆ ಹನ್ನೆರಡು ವರ್ಷ ಮೊದಲು, 1054ರಲ್ಲಿ, ಕೊಪ್ಪಂ ಯುದ್ಧದಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೇ ಸತ್ತಿದ್ದ. 1068ರಲ್ಲಿ ಸೋಮೇಶ್ವರ ವಾಸಿಯಾಗದ ಬೇನೆಯಿಂದ ಬೇಸತ್ತು ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ದೊಡ್ಡ ಮಗ ಎರಡನೇ ಸೋಮೇಶ್ವರ ಪಟ್ಟಕ್ಕೆ ಬಂದ, 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅವನನ್ನು ಇಳಿಸಿ ತಾನೇ ಕೂತ. ಗೇಮ್‌ನಲ್ಲಿ ಶುರುವಿನ ಕಾನೂನು ಏನು ಗೊತ್ತಾ? ಅಪ್ಪ ಸತ್ತರೆ ಆಸ್ತಿ ಮಕ್ಕಳ ನಡುವೆ ಪಾಲಾಗುತ್ತದೆ. ಇಡೀ ಜೀವನ ಗೆದ್ದು ಕೂಡಿಸಿದ ನಾಡು ಒಂದೇ ಸಾವಿನಲ್ಲಿ ಹರಿದು ಹಂಚಿ ಹೋಗುತ್ತದೆ, ಆಮೇಲೆ ನೀವು ದೊಡ್ಡ ಮಗನಾಗಿ ಕೂತು ಸ್ವಂತ ತಮ್ಮನ ಮೇಲೆ ದಂಡು ಕಳಿಸಬೇಕೋ ಬೇಡವೋ ಅಂತ ಯೋಚಿಸುತ್ತೀರಿ. ಇತಿಹಾಸದ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ವಿಷಯ ಇಲ್ಲಿ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತದೆ.

ಕೊರತೆಯೂ ಇದೆ. ಉತ್ತರದ ನಾರ್ಸ್ ಜನರಿಗೆ 2021ರಲ್ಲಿ, ಸ್ಪೇನ್ ಕಡೆಗೆ 2022ರಲ್ಲಿ, ಪರ್ಷಿಯಾಕ್ಕೆ 2023ರಲ್ಲಿ ಅಂತ ಬೇರೆ ಬೇರೆ ಪ್ಯಾಕ್ ಮಾಡಿದರು. ದಖ್ಖನಿಗೆ ಅಷ್ಟು ಮನಸ್ಸಿಟ್ಟು ಮಾಡಿದ್ದು ಯಾವುದೂ ಇಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ.

ಸಾಧನಕೇರಿ_ಮಳೆ (ಧಾರವಾಡ)

ಗದಗಿನ ಅಣ್ಣ ಹೇಳಿದ್ದು ಚೆನ್ನಾಗಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕ್ರುಸೇಡರ್ ಕಿಂಗ್ಸ್‌ನಲ್ಲಿ ಮನುಷ್ಯರು ಇದ್ದಾರೆ, ನೆಲ ಇಲ್ಲ. ಮದುವೆ, ಮುನಿಸು, ಕೊಲೆ ಇದರಲ್ಲೇ ಸಂಜೆ ಹೋಗುತ್ತದೆ. ರೈತ ಏನು ಬೆಳೆದ, ಕುದುರೆ ಎಲ್ಲಿಂದ ಬಂತು, ಬಂದರು ಯಾರ ಕೈಯಲ್ಲಿದೆ, ಇದೆಲ್ಲ ಬರೀ ಒಂದು ಸಂಖ್ಯೆ.

ಯುರೋಪಾ ಯೂನಿವರ್ಸಾಲಿಸ್ 4 ಶುರುವಾಗೋದು 1444 ನವೆಂಬರ್ 11ಕ್ಕೆ. ಇಮ್ಮಡಿ ದೇವರಾಯ ಇನ್ನೂ ಬದುಕಿರುವ ವಿಜಯನಗರ, ಮೇಲ್ಗಡೆ ಬಹಮನಿ. ರಾಯಚೂರು ದೋಆಬ್ ಯಾರಿಗೆ ಅನ್ನೋ ಜಗಳ ನಿಮ್ಮ ಕೈಗೆ ಬರುತ್ತದೆ. ಇದರಲ್ಲಿ ನನಗೆ ಹಿಡಿಸಿದ್ದು ಮಳೆಗಾಲ. ಮಾನ್ಸೂನ್ ಹಿಡಿದ ಸೀಮೆಯಲ್ಲಿ ದಂಡು ನಿಲ್ಲಿಸಿದರೆ ಯುದ್ಧವೇ ಆಗದೆ ಜನ ಕರಗುತ್ತಾ ಹೋಗುತ್ತಾರೆ. ನೆಲಕ್ಕೆ ತಾಳುವಷ್ಟೇ ದಂಡು ಕಳಿಸಬೇಕು, ಜಾಸ್ತಿ ಕಳಿಸಿದರೆ ಹಸಿವಿನಿಂದ ಸಾಯುತ್ತಾರೆ. ಎರೆಮಣ್ಣಿನಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ. ಬೈಕ್ ಕೂಡ ಹೋಗೋದಿಲ್ಲ, ತೋಪಿನ ಗಾಡಿ ಹೇಗೆ ಹೋಗಬೇಕು? ಕೊರತೆ ಅಂದರೆ ಡಿಎಲ್‌ಸಿಗಳ, ಅಂದರೆ ಮೂಲ ಗೇಮ್ ಮೇಲೆ ಬೇರೆಯಾಗಿ ಕೊಳ್ಳುವ ಪ್ಯಾಕ್‌ಗಳ ರಾಶಿ. ಭಾರತದ ಕಡೆ ಗಮನ ಕೊಟ್ಟಿದ್ದು 2018ರ ‘ಧರ್ಮ’ ಅನ್ನೋ ಪ್ಯಾಕ್, ಅದಕ್ಕೆ ಬೇರೆ ದುಡ್ಡು.

ಏಜ್ ಆಫ್ ಎಂಪೈರ್ಸ್ 2 ಅನ್ನು ಹಗುರವಾಗಿ ನೋಡಬೇಡಿ ಅಂತಲೂ ಹೇಳಬೇಕು. 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಬಂದಾಗ ದ್ರಾವಿಡರನ್ನು ಸೇರಿಸಿದರು. ಅವರಿಗೆ ನೈಟ್, ಅಂದರೆ ಕವಚ ತೊಟ್ಟ ಕುದುರೆ ಸವಾರ, ಇಲ್ಲ. ಸುಮಾರು ಜನ ಇದು ಅನ್ಯಾಯ ಅಂತ ಕೂಗಾಡಿದರು. ನನಗೆ ಅದೇ ಆ ಪ್ಯಾಕಿನ ಬುದ್ಧಿವಂತಿಕೆ ಅನಿಸಿತು. ದಕ್ಷಿಣದ ರಾಜರಿಗೆ ಒಳ್ಳೆ ಯುದ್ಧದ ಕುದುರೆ ಇಲ್ಲಿ ಹುಟ್ಟುತ್ತಿರಲಿಲ್ಲ, ಅರಬ್ಬಿ ಸಮುದ್ರ ದಾಟಿ ಹಡಗಿನಲ್ಲಿ ಬರಬೇಕಿತ್ತು. ವಿಜಯನಗರ ಅದಕ್ಕೆ ಸುರಿದ ದುಡ್ಡಿಗೆ ಲೆಕ್ಕವಿಲ್ಲ. ಆ ಕೊರತೆಯನ್ನು ಒಂದೇ ನಿಯಮದಲ್ಲಿ ತೋರಿಸಿದ್ದಾರೆ. ಅದರ ಬದಲು ಕಾಲಾಳು ಅಗ್ಗ: ಬ್ಯಾರಕ್ಸ್‌ನ ಸುಧಾರಣೆಗೆ ಅರ್ಧ ಬೆಲೆ. ವೂಟ್ಜ್ ಉಕ್ಕು ಸಿಕ್ಕ ಮೇಲೆ ಎದುರಿನವನ ಕವಚ ಲೆಕ್ಕಕ್ಕೇ ಬರೋದಿಲ್ಲ. ಹೀಗೆ ಕೊರತೆಯಿಂದ ಆಟದ ರೀತಿ ಹುಟ್ಟಬೇಕು. ಬೇಜಾರು ಅಂದರೆ ಚೋಳ, ಚಾಲುಕ್ಯ, ಹೊಯ್ಸಳ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿದ್ದು, ಅದರ ಕಥೆಯ ಕ್ಯಾಂಪೇನ್ ಕೂಡ ರಾಜೇಂದ್ರ ಚೋಳನದ್ದು.

ಸಿವಿಲೈಸೇಶನ್ 6 ಬೇಡ ಅನ್ನೋದಿಲ್ಲ, ಆದರೆ ನೀವು ಕೇಳಿದ ಅಜ್ಜ ಮೊಮ್ಮಗನ ಆಟ ಅದಲ್ಲ. ಒಬ್ಬನೇ ನಾಯಕ ಸಾವಿರಾರು ವರ್ಷ ಬದುಕಿರುತ್ತಾನೆ, ಸಾವಿಲ್ಲ, ಪಾಲಿಲ್ಲ.

ಲಕ್ಕುಂಡಿ_ಬಾವಿ (ಗದಗ)

ಸಿವಿಲೈಸೇಶನ್ ಬಗ್ಗೆ ಒಂದು ಒಳ್ಳೆ ಮಾತು ಹೇಳಿಬಿಡುತ್ತೇನೆ. ಅದರಲ್ಲಿ ಭಾರತಕ್ಕೆ ಮೆಟ್ಟಿಲು ಬಾವಿ ಕೊಟ್ಟಿದ್ದಾರೆ. ಅದು ಊಟವನ್ನೂ ಹೆಚ್ಚಿಸುತ್ತದೆ, ಇರೋದಕ್ಕೆ ಜಾಗವನ್ನೂ ಹೆಚ್ಚಿಸುತ್ತದೆ. ಗ್ಯಾದರಿಂಗ್ ಸ್ಟಾರ್ಮ್ ಅನ್ನೋ ಪ್ಯಾಕ್ ಹಾಕಿದ್ದರೆ ಬರಗಾಲದಲ್ಲಿ ಆ ಜಾಗದ ಬೆಳೆ ಹೋಗೋದಿಲ್ಲ. ಯಾರೋ ಮನಸ್ಸಿಟ್ಟು ಯೋಚಿಸಿ ಮಾಡಿದ್ದು. ನಮ್ಮೂರಿನ ಮುಸುಕಿನ ಬಾವಿಯ ಮೆಟ್ಟಿಲ ಪಕ್ಕದ ಗೂಡುಗಳನ್ನು ನೋಡಿದವರಿಗೆ ಗೊತ್ತು, ನೀರಿಗಾಗಿ ಅಷ್ಟು ಕೆತ್ತನೆ ಮಾಡಿದ ಜನ ಸುಮ್ನೆ ಮಾಡಿರೋದಿಲ್ಲ.

ಸಾಧನಕೇರಿಯವರು ನೆಲ ಇಲ್ಲ ಅಂದದ್ದು ಮಾತ್ರ ಒಪ್ಪೋದಿಲ್ಲ. ಕ್ರುಸೇಡರ್ ಕಿಂಗ್ಸ್‌ನಲ್ಲೂ ದಂಡಿಗೆ ಸಾಮಾನು ಮುಗಿಯುತ್ತದೆ, ಬಡ ಸೀಮೆಯಲ್ಲಿ ದೊಡ್ಡ ಸೈನ್ಯ ಹಸಿಯುತ್ತದೆ. ಅದು ನಿಮ್ಮ ಗೇಮ್‌ನಷ್ಟು ಎದ್ದು ಕಾಣೋದಿಲ್ಲ, ಅಷ್ಟೇ.

ಬಂಕಾಪುರ_ನವಿಲು (ಹಾವೇರಿ)

ಬಂಕೇಯನ ಹೆಸರು ತೆಗೆದಿದ್ದಕ್ಕೆ ಗದಗಿನವರಿಗೆ ದೊಡ್ಡ ನಮಸ್ಕಾರ. ನಮ್ಮ ಕೋಟೆಯೊಳಗಿನ ನಗರೇಶ್ವರ ಗುಡಿ ನೋಡೋಕೆ ಬರುವವರಲ್ಲಿ ಸುಮಾರು ಜನರಿಗೆ ಊರಿನ ಹೆಸರು ಎಲ್ಲಿಂದ ಬಂತು ಅಂತ ಗೊತ್ತಿರೋದಿಲ್ಲ.

ನಾನು ರೋಲ್‌ಪ್ಲೇ ಕಡೆಯವನು. ಮೇಲಿಂದ ಮ್ಯಾಪ್ ನೋಡಿ ನಾಡು ಆಳೋದು ನನಗೆ ಹಿಡಿಸೋದಿಲ್ಲ. ಹಳೆ ಕಾಲ ಹೇಗಿತ್ತು ಅಂತ ತಿಳಿಯಬೇಕಾದರೆ ರಾಜನಾಗಬಾರದು, ಕೆಳಗಿನವನಾಗಬೇಕು. ಅದಕ್ಕೆ ಕಿಂಗ್‌ಡಮ್ ಕಮ್: ಡೆಲಿವರೆನ್ಸ್. 2018ರಲ್ಲಿ ಬಂತು, ಎರಡನೇ ಭಾಗ 2025ರಲ್ಲಿ. ಜೆಕ್ ದೇಶದ ವಾರ್‌ಹಾರ್ಸ್‌ನವರು ತಮ್ಮದೇ ನಾಡಿನ 1403ರ ಬೊಹೀಮಿಯಾವನ್ನು ಮಾಡಿದ್ದಾರೆ. ಮಂತ್ರ ಇಲ್ಲ, ರಾಕ್ಷಸ ಇಲ್ಲ. ನೀವು ಹೆನ್ರಿ, ಕಮ್ಮಾರನ ಮಗ. ಹಂಗೇರಿಯ ರಾಜ ಸಿಗಿಸ್ಮಂಡನ ದಂಡು ಬಂದು ನಿಮ್ಮೂರು ಸ್ಕಾಲಿಟ್ಜ್ ಸುಡುತ್ತದೆ. ನಿಮಗೆ ಕತ್ತಿ ಹಿಡಿಯೋದಕ್ಕೂ ಬರೋದಿಲ್ಲ.

ಓದೋದಕ್ಕೂ ಬರೋದಿಲ್ಲ. ಇದನ್ನು ಗೇಮ್ ಹೇಗೆ ತೋರಿಸುತ್ತದೆ ನೋಡಿ. ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಕಲಸಿ ಹೋಗಿರುತ್ತವೆ. ಉಜಿಟ್ಜ್ ಅನ್ನೋ ಊರಿನ ಬರಹಗಾರನ ಹತ್ತಿರ ದುಡ್ಡು ಕೊಟ್ಟು ಕಲಿಯಬೇಕು. ಓದುತ್ತಾ ಹೋದ ಹಾಗೆ ಪದಗಳು ನಿಧಾನಕ್ಕೆ ಸರಿಯಾಗುತ್ತವೆ. ಮೊದಲನೇ ಸಲ ಒಂದು ಪೂರ್ತಿ ಸಾಲು ಅರ್ಥವಾದಾಗ ನನಗೆ ಆದ ಸಂತೋಷ ಬೇರೆ ಯಾವ ಗೇಮ್‌ನಲ್ಲೂ ಎಷ್ಟೇ ದೊಡ್ಡ ವೈರಿಯನ್ನು ಕೊಂದರೂ ಆಗಿಲ್ಲ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಹಿರಿಯರು ಇದ್ದರು, ಅದಕ್ಕೂ ಇರಬಹುದು. ಅಂಗಿ ರಕ್ತ ಮಣ್ಣು ಆಗಿದ್ದರೆ ದೊಡ್ಡವರು ಸರಿಯಾಗಿ ಮಾತಾಡಿಸೋದಿಲ್ಲ, ಇಟ್ಟ ಊಟ ಹಳಸುತ್ತದೆ, ಬೇಕಾದಲ್ಲಿ ಸೇವ್ ಮಾಡೋದಕ್ಕೂ ಒಂದು ಬಾಟಲಿ ಮದ್ಯ ಖರ್ಚಾಗುತ್ತದೆ. ಇದು ಕಿರಿಕಿರಿ ಅಂತ ಬಿಟ್ಟವರಿದ್ದಾರೆ. ನನಗೆ ಅದೇ ಬೇಕು. ಸೇವ್ ಅಗ್ಗವಾಗಿದ್ದರೆ ಯಾವ ನಿರ್ಧಾರಕ್ಕೂ ತೂಕ ಇರೋದಿಲ್ಲ.

ವಿಚರ್ 3, ಸ್ಕೈರಿಮ್ ಎರಡೂ ಆಡಿದ್ದೇನೆ, ಚಂದ ಇವೆ, ಆದರೆ ಅಲ್ಲಿ ನೀವು ಹೋದಲ್ಲೆಲ್ಲ ದೊಡ್ಡ ಮನುಷ್ಯ.

ನನ್ನ ಆಸೆ ಏನು ಗೊತ್ತಾ? ಇದೇ ಥರ ನಮ್ಮ ಕಡೆಯ ಒಂದು ಗೇಮ್ ಬರಬೇಕು. 1190ರ ಹೊತ್ತಿಗೆ ಗದಗಿನ ಹತ್ತಿರ ಸೊರಟೂರಿನಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ, ಆಮೇಲೆ ಲಕ್ಕುಂಡಿಯಲ್ಲೇ ಬಂದು ಕೂತ. ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು. ಅಲ್ಲಿ ನಾಣ್ಯ ಒತ್ತುವವನ ಮಗನಾಗಿ ಶುರು ಮಾಡಿ. ನಿನ್ನೆ ತನಕ ಒಬ್ಬ ರಾಜನ ನಾಣ್ಯ, ಇವತ್ತು ಇನ್ನೊಬ್ಬನದು. ಯುದ್ಧದಿಂದ ಬಾರದ ಅಣ್ಣನಿಗೆ ಊರಿನವರು ವೀರಗಲ್ಲು ನಿಲ್ಲಿಸಬೇಕು, ಕಲ್ಲುಕುಟಿಗನಿಗೆ ಕೊಡೋಕೆ ದುಡ್ಡಿಲ್ಲ. ಇಷ್ಟು ಸಾಕು ಒಂದು ಗೇಮ್‌ಗೆ. ಜೆಕ್ ಜನ ತಮ್ಮ ಹಳ್ಳಿಗಳನ್ನು ಇಟ್ಟುಕೊಂಡು ಜಗತ್ತಿಗೇ ಆಡಿಸಿದರು, ನಮ್ಮಲ್ಲಿ ಶಾಸನ ಇಲ್ಲದ ಊರೇ ಸಿಗೋದು ಕಷ್ಟ.

ನಿಮ್ಮ ಈಗಿನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದು ಓಡೋದಿಲ್ಲ. ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು.

ಉಣಕಲ್_ಕೆರೆದಂಡೆ (ಹುಬ್ಬಳ್ಳಿ)

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ ರೀ. ಸೊರಟೂರಿನ ಯುದ್ಧದ ವಿಷಯ ನನಗೆ ಗೊತ್ತೇ ಇರಲಿಲ್ಲ, ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಕಿಂಗ್‌ಡಮ್ ಕಮ್ ಡೆಸ್ಕ್‌ಟಾಪ್ ಬಂದ ಮೇಲೆ ಖಂಡಿತ. ಈಗ ಕ್ರುಸೇಡರ್ ಕಿಂಗ್ಸ್ ಕಡೆ ಮನಸ್ಸು ವಾಲಿದೆ. ಗದಗಿನ ಅಣ್ಣ, ಎರಡನೇ ಭಾಗ ಫ್ರೀ ಅಂತಾರಲ್ಲ, ಅದನ್ನೇ ಆಡಿದರೆ ನಡೀತದಾ? ಮೂರನೇದು ತೊಗೊಂಡರೆ ಯಾರಿಂದ ಶುರು ಮಾಡಲಿ?

ಲಕ್ಕುಂಡಿ_ಬಾವಿ (ಗದಗ)

ಎರಡನೇ ಭಾಗ 2019ರಿಂದ ಫ್ರೀ, ನಿಜ. ಹಳೆ ಲ್ಯಾಪ್‌ಟಾಪ್‌ಗೂ ಹಗುರ. ಆದರೆ ಅದರಲ್ಲಿ ನಮ್ಮ ರಾಜರನ್ನು ಆಡಬೇಕಾದರೆ 2014ರ ರಾಜಾಸ್ ಆಫ್ ಇಂಡಿಯಾ ಪ್ಯಾಕ್ ಬೇರೆ ತೊಗೊಳ್ಳಬೇಕು. ಮೂರನೇದರಲ್ಲಿ ಭಾರತ ಮೂಲ ಗೇಮ್‌ನಲ್ಲೇ ಸೇರಿದೆ, ಮೇಲೆ ಏನೂ ಕೊಳ್ಳಬೇಕಾಗಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಪೂರ್ತಿ ಕೆಳಗೆ ಇಳಿಸಿ ನೋಡಿ, ನೂರಿನ್ನೂರು ವರ್ಷ ಕಳೆದ ಮೇಲೆ ದಿನಗಳು ನಿಧಾನಕ್ಕೆ ಓಡುತ್ತವೆ. ಸ್ಟೀಮ್‌ನಲ್ಲಿ ಕೊಂಡ ಎರಡು ವಾರದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹಾಗಾಗಿ ಮೊದಲ ಸಂಜೆಯೇ ಓಡುತ್ತದೆಯೋ ಇಲ್ಲವೋ ನೋಡಿಬಿಡಿ.

ಅಮೋಘವರ್ಷನಿಂದ ಶುರು ಮಾಡಬೇಡಿ. ಅಷ್ಟು ಸಾಮಂತರನ್ನು ಹೊಸಬರು ಸಂಭಾಳಿಸೋದು ಕಷ್ಟ. 867 ತೆಗೆದು, ಅವನ ಕೈಕೆಳಗೆ ಇರುವ ಒಂದೆರಡು ಸೀಮೆಯ ಸಣ್ಣ ಸಾಮಂತನನ್ನು ಆರಿಸಿ. ದೊಡ್ಡ ಯುದ್ಧವನ್ನು ರಾಜ ನೋಡಿಕೊಳ್ಳುತ್ತಾನೆ, ನೀವು ಮದುವೆ, ಕಟ್ಟಡ, ಪಕ್ಕದವನ ಜಗಳ ಇಷ್ಟರಲ್ಲೇ ಕೈ ಪಳಗಿಸಿಕೊಳ್ಳಿ. ಗಂಡು ಮಕ್ಕಳು ನಾಲ್ಕು ಜನ ಆದರೆ ಮುಂದೆ ಪಾಲಿನ ಪಂಚಾಯತಿ ಇದೆ ಅಂತ ಈಗಲೇ ನೆನಪಿಟ್ಟುಕೊಳ್ಳಿ. ಅಪ್ಪ ಬದುಕಿರುವಾಗಲೇ ಚಿಕ್ಕವರಿಗೆ ಹೊಸ ಸೀಮೆ ಗೆದ್ದು ಕೊಟ್ಟಿರಬೇಕು, ಆಗ ದೊಡ್ಡವನ ಕೈಯಲ್ಲಿ ಮೂಲ ಊರು ಉಳಿಯುತ್ತದೆ. ಸಿಕ್ಕಿಬಿದ್ದರೆ ಇಲ್ಲೇ ಬರೆಯಿರಿ, ಮ್ಯಾಪಿನ ಫೋಟೋ ಹಾಕಿ.