ನಮ್ಮೂರಲ್ಲೂ ಸಂಜೆ ಏಳಕ್ಕೆ ಮೊಬೈಲ್ ಬಂದ್ ಮಾಡಿದ್ರೆ ಹೆಂಗೆ?

ಅರೇಹಳ್ಳಿ ಹುಡುಗ: ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದೂರಿದೆ, ಅಲ್ಲಿ 2022ರಲ್ಲಿ ಒಂದು ಪದ್ಧತಿ ಮಾಡ್ಕೊಂಡ್ರು. ಸಂಜೆ 7ಕ್ಕೆ ದೇವಸ್ಥಾನದ ಸೈರನ್ ಕೂಗಿದ ತಕ್ಷಣ ಮನೆಮನೆಲೂ ಟಿವಿ ಮೊಬೈಲ್ ಆಫ್, ಮಕ್ಕಳು ಓದಕ್ಕೆ ಕೂರ್ಬೇಕು, 8.30ಕ್ಕೆ ಇನ್ನೊಂದ್ಸಲ ಕೂಗಿದ್ಮೇಲೆ ಆನ್. ನಮ್ಮ ಬೇಲೂರು ತಾಲೂಕಿನ ಹಳ್ಳಿಗಳಲ್ಲೂ ಇದನ್ನ ಮಾಡ್ಲೇಬೇಕು ಅನ್ಸ್ತಿದೆ, ಊಟಕ್ಕೆ ಕೂತ್ರೂ ಒಬ್ರ ಮುಖ ಒಬ್ರು ನೋಡಲ್ಲ ಈಗ.

ಬಿಕ್ಕೋಡು ಪ್ಲಾಂಟರ್: ಆಸೆ ಒಳ್ಳೇದೇ ಕಣಪ್ಪ, ಆದ್ರೆ ಸಾಂಗ್ಲಿ ಬೇರೆ ನಮ್ಮೂರು ಬೇರೆ. ಕತ್ತಲಾಗ್ತಿದ್ದಂಗೆ ಆನೆ ತೋಟದಿಂದ ತೋಟಕ್ಕೆ ದಾಟೋ ಹೊತ್ತು ಅದು. ಫಾರೆಸ್ಟ್‌ನೋರ ಮೆಸೇಜು, ವಾಟ್ಸಾಪ್ ಗ್ರೂಪಲ್ಲಿ ಯಾವ ಕಡೆ ಹಿಂಡು ಬಂತು ಅನ್ನೋ ವಾಯ್ಸು, ಅದನ್ನ ನೋಡ್ಕೊಂಡೇ ನಾವು ಕೆಲಸದೋರನ್ನ ಮನೆಗೆ ಕಳ್ಸೋದು, ಬೈಕಲ್ಲಿ ಹೋಗೋರನ್ನ ತಡೆಯೋದು. ಮೊಬೈಲ್ ಆಫ್ ಮಾಡಿ ಅಂದ್ರೆ ಜೀವದ ಪ್ರಶ್ನೆ.

ಆಲೂರು ಟೀಚರ್: ಸರ್, ಆನೆ ಮೆಸೇಜ್ ನೋಡಕ್ಕೆ ಅರ್ಧ ನಿಮಿಷ ಸಾಕು. ಅದನ್ನ ನೋಡಕ್ಕೆ ಅಂತ ತೆಗೆದ ಮೊಬೈಲು ಅರ್ಧ ಗಂಟೆ ಆದ್ರೂ ಕೈಯಲ್ಲೇ ಇರುತ್ತಲ್ಲ, ನಾನು ಹೇಳ್ತಿರೋದು ಅದನ್ನ. ನನ್ನ ಕ್ಲಾಸಲ್ಲಿ ಏಳನೇ ತರಗತಿ ಹುಡುಗ ಒಬ್ಬ ಬೆಳಿಗ್ಗೆ ಫಸ್ಟ್ ಪೀರಿಯಡ್‌ಗೇ ಡೆಸ್ಕ್ ಮೇಲೆ ತಲೆ ಇಟ್ಬಿಡ್ತಾನೆ, ಕೇಳಿದ್ರೆ ರಾತ್ರಿ ರಗ್ಗು ಹೊದ್ಕೊಂಡು ಒಳಗೇ ರೀಲ್ಸ್ ನೋಡ್ತಿದ್ದೆ ಮಿಸ್ ಅಂತಾನೆ. ಅವರಮ್ಮನ್ನ ಕರೆದು ಹೇಳಿದ್ರೆ ಅವರೂ ತಲೆ ಅಲ್ಲಾಡಿಸ್ತಾ ತಮ್ಮ ಮೊಬೈಲ್ ನೋಡ್ತಾನೇ ಇದ್ರು, ನನಗೆ ಕಣ್ಣಲ್ಲಿ ನೀರು ಬಂತು.

ಅರಸೀಕೆರೆ ಅಣ್ಣ: ಟಿವಿ ಬಂದಾಗ್ಲೂ ಹಿಂಗೇ ಅಂದ್ರು, ಯಾರು ಹಾಳಾದ್ರು? ಎಲ್ಲದಕ್ಕೂ ಚಟ ಅಂತ ಹೆಸರಿಡ್ಬೇಡಿ.

ಚಿಕ್ಕಮಗಳೂರು ಡೆವಲಪರ್: ಅಣ್ಣ, ಟಿವಿಲಿ ಧಾರಾವಾಹಿ ಮುಗೀತಿತ್ತು, ನಾವು ಎದ್ದು ಹೋಗ್ತಿದ್ವಿ. ಇದರಲ್ಲಿ ಮುಗಿಯೋ ಜಾಗನೇ ಇಲ್ಲ. ಕೆಳಗೆ ಎಳೆದಷ್ಟೂ ಬರ್ತಾನೇ ಇರೋ ಈ ಸ್ಕ್ರೋಲನ್ನ 2006ರಲ್ಲಿ ಏಜಾ ರಾಸ್ಕಿನ್ ಅನ್ನೋರು ಮಾಡಿದ್ದು, ಆಮೇಲೆ ಅದಕ್ಕೆ ಅವರೇ ಪಶ್ಚಾತ್ತಾಪ ಪಟ್ರು. ನಾನೂ ಇದೇ ಫೀಲ್ಡಲ್ಲಿರೋಳು, ಜನ ಎಷ್ಟು ಹೊತ್ತು ಒಳಗಿದ್ರು ಅನ್ನೋದನ್ನ ಲೆಕ್ಕ ಹಾಕಿ ಹಾಕಿನೇ ಆ್ಯಪ್ ತಿದ್ದುತಾರೆ. ಅದರ ಮುಂದೆ ಹನ್ನೆರಡು ವರ್ಷದ ಮಗು ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂದ್ರೆ ಹೆಂಗೆ?

ಹಾಸನ ನರ್ಸ್: ಅರಸೀಕೆರೆ ಅಣ್ಣ ಹೇಳಿದ್ರಲ್ಲಿ ಒಂದು ಸರಿ ಇದೆ, ಮೊಬೈಲ್ ಜಾಸ್ತಿ ನೋಡೋರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಪಟ್ಟಿಗೆ ಸೇರ್ಸಿರೋದು ಗೇಮಿಂಗ್ ಡಿಸಾರ್ಡರ್‌ನ, ಆ ಪಟ್ಟಿ 2022ರ ಜನವರಿಯಿಂದ ಜಾರಿಲಿದೆ. ಅದಕ್ಕೂ ಆಟ ಹಿಡಿತಕ್ಕೆ ಸಿಗ್ತಿಲ್ಲ, ಊಟ ನಿದ್ದೆ ಓದು ಎಲ್ಲದಕ್ಕಿಂತ ಅದೇ ಮುಂದೆ, ಕೆಟ್ಟದಾಗ್ತಿದ್ರೂ ಬಿಡಕ್ಕಾಗ್ತಿಲ್ಲ, ಇದು ಸಾಮಾನ್ಯವಾಗಿ ಒಂದು ವರ್ಷ ಕಾಣ್ಬೇಕು. ಆದ್ರೆ ಮನೇಲಿ ಮೊಬೈಲ್ ಕಿತ್ಕೊಂಡ್ರೆ ಮಗು ಹೊಡೆಯಕ್ಕೇ ಬರುತ್ತೆ ಅನ್ನೋ ಹಂಗಿದ್ರೆ ವರ್ಷ ಕಾಯ್ಬೇಡಿ. ಬೆಂಗಳೂರು ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ 2014ರಿಂದ ಇದೆ, ಅಷ್ಟು ದೂರ ಬೇಡ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಬೈದು ಹೊಡೆದು ಮಾಡೋಕೆ ಮಾತ್ರ ಹೋಗ್ಬೇಡಿ.

ಅರಸೀಕೆರೆ ಅಣ್ಣ: ಇದನ್ನ ಒಪ್ತೀನಿ ಅಕ್ಕ. ಆದ್ರೆ ಸೈರನ್ ಬೇಡ, ಅದು ಬಲವಂತ ಆಗುತ್ತೆ.

ಅರೇಹಳ್ಳಿ ಹುಡುಗ: ಸರಿ, ಮೊಬೈಲ್ ಆಫ್ ಬೇಡ, ಡೇಟಾ ಮಾತ್ರ ಆಫ್ ಮಾಡೋಣ. ಎಸ್ಸೆಮ್ಮೆಸ್ಸೂ ಬರುತ್ತೆ ಕಾಲೂ ಬರುತ್ತೆ, ರೀಲ್ಸ್ ಓಡಲ್ಲ ಅಷ್ಟೇ.

ಆಲೂರು ಟೀಚರ್: ಅಪ್ಪ ಅಮ್ಮನ ಮೊಬೈಲಲ್ಲೂ ಆಫ್ ಆಗ್ಬೇಕು. ಮಕ್ಕಳಿಗೆ ಮಾತ್ರ ರೂಲ್ಸ್ ಮಾಡಿದ್ರೆ ಒಂದು ವಾರನೂ ನಡೆಯಲ್ಲ.

ಬಿಕ್ಕೋಡು ಪ್ಲಾಂಟರ್: ಡೇಟಾ ಆಫ್ ಆದ್ರೆ ಗ್ರೂಪಿನ ಮೆಸೇಜ್ ಬರಲ್ವಲ್ಲ, ಅದಕ್ಕೆ ಊರಿಗಿಬ್ರು ಡೇಟಾ ಆನ್ ಇಟ್ಕೊಂಡಿರ್ಲಿ, ಆನೆ ಸುದ್ದಿ ಬಂದ್ರೆ ಉಳಿದೋರಿಗೆ ಕಾಲ್ ಮಾಡ್ಲಿ. ನಮ್ಮ ಕಡೆಗೆ ನಾನಿರ್ತೀನಿ, ಇನ್ನೊಬ್ರು ಯಾರಾದ್ರೂ ಹೆಸರು ಕೊಡಿ. ಕಾಫಿ ಕುಯ್ಲು ಮುಗೀಲಿ, ಈಗ ಶುರು ಮಾಡಿದ್ರೆ ಕಣದಲ್ಲಿರೋರು ಯಾರೂ ಕೈಗೆ ಸಿಗಲ್ಲ.