ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯಲು ಬೆಂಗಳೂರಿಗೇ ಹೋಗಬೇಕಾ? ನಮ್ಮ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಗೋಕಾಕದಿಂದ, ಬಿ.ಸಿ.ಎ. ಮುಗಿಸಿದವರು):
ನಮಸ್ಕಾರ ಅಕ್ಕಾ. ಬಿ.ಸಿ.ಎ. ಆದ ಮೇಲೆ ಬೆಳಗಾವಿಯ ಒಂದು ಇನ್‌ಸ್ಟಿಟ್ಯೂಟ್‌ನಲ್ಲಿ ಸೆಲೆನಿಯಂ (ವೆಬ್‌ಸೈಟ್ ಟೆಸ್ಟನ್ನು ತಾನಾಗಿ ಓಡಿಸುವ ಟೂಲ್) ಕೋರ್ಸ್ ಮಾಡಿದೆ. ಲಾಗಿನ್ ಪೇಜ್‌ಗೆ ಸ್ಕ್ರಿಪ್ಟ್ ಬರೆಯಲು ಬರುತ್ತದೆ. ಆದರೆ ಇಂಟರ್‌ವ್ಯೂನಲ್ಲಿ "ಈ ಪೇಜ್ ನೋಡಿ, ಏನೇನು ಟೆಸ್ಟ್ ಮಾಡ್ತೀರಿ ಹೇಳಿ" ಎಂದರೆ ನಾಲ್ಕು ಮಾತಿಗೆ ಮುಗಿದುಹೋಗುತ್ತದೆ. ಈಗ ಟೆಸ್ಟರ್‌ಗಳ ಸರ್ಟಿಫಿಕೇಟ್‌ಗಾಗಿ ಐ.ಎಸ್.ಟಿ.ಕ್ಯೂ.ಬಿ. ಪರೀಕ್ಷೆ ಕಟ್ಟಲಾ? ಇಲ್ಲ, ಬೆಂಗಳೂರಿಗೆ ಹೋಗಿ ಪಿ.ಜಿ.ಯಲ್ಲಿದ್ದು ಇನ್ನೊಂದು ಕೋರ್ಸ್ ಮಾಡಲಾ? ಇಲ್ಲಿ ಟೆಸ್ಟಿಂಗ್ ಕೆಲಸ ಮಾಡುವವರು ಒಬ್ಬರೂ ಗೊತ್ತಿಲ್ಲ. ಅಪ್ಪನ ಹತ್ತಿರ ಮತ್ತೆ ಫೀ ಕೇಳಲು ಮನಸ್ಸಿಲ್ಲ.

ಉತ್ತರ (ಟೆಸ್ಟ್ ಲೀಡ್, ಟಿಳಕವಾಡಿ, ಬೆಳಗಾವಿ):
ಕೇಳಬೇಡ ತಂಗಿ. ಇನ್ನೊಂದು ಕೋರ್ಸ್‌ನಿಂದ ಈ ತೊಂದರೆ ಹೋಗೋದಿಲ್ಲ.

ಸೆಲೆನಿಯಂ ಕಲಿತದ್ದು ದಂಡ ಅಂತ ಹೇಳುತ್ತಿಲ್ಲ. 2004ರಲ್ಲಿ ಶಿಕಾಗೊದ ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದ ಜೇಸನ್ ಹಗ್ಗಿನ್ಸ್ ಅದನ್ನು ಶುರು ಮಾಡಿದ್ದು ಕೈಯಿಂದ ಮತ್ತೆ ಮತ್ತೆ ಮಾಡುವ ಟೆಸ್ಟಿಂಗ್ ಕಡಿಮೆ ಆಗಲಿ ಅಂತ. ಏನನ್ನು ನೋಡಬೇಕು ಅನ್ನೋದು ಮೊದಲೇ ಗೊತ್ತಿತ್ತು, ಟೂಲ್ ಆಮೇಲೆ ಬಂತು. ನಮ್ಮ ಕಡೆ ಇನ್‌ಸ್ಟಿಟ್ಯೂಟ್‌ಗಳು ಟೂಲ್ ಕಲಿಸಿ ಕಳಿಸುತ್ತವೆ, ಏನು ನೋಡಬೇಕು ಅನ್ನೋದನ್ನು ನಿನಗೇ ಬಿಡುತ್ತವೆ. ಅದು ಒಬ್ಬಳೇ ಕೂತರೆ ಬರೋದು ಕಷ್ಟ. ಪಕ್ಕದಲ್ಲಿ ಇನ್ನೊಬ್ಬರು ಕೂತು "ಇದನ್ನು ಯಾಕೆ ಒತ್ತಲಿಲ್ಲ?" ಎಂದು ಕೇಳಬೇಕು.

ಜನ ಸಿಗೋದು ಹೇಗೆ ಅಂತೀಯಾ? 2009ರಲ್ಲಿ ಬೆಂಗಳೂರಿನ ಕೆಲವು ಟೆಸ್ಟರ್‌ಗಳು 'ವೀಕೆಂಡ್ ಟೆಸ್ಟಿಂಗ್' ಅಂತ ಶುರು ಮಾಡಿದರು. ರಜೆ ದಿನ ಆನ್‌ಲೈನ್ ಸೇರೋದು, ಒಂದು ಸಾಫ್ಟ್‌ವೇರ್ ತೆಗೆದುಕೊಂಡು ಎಲ್ಲರೂ ಟೆಸ್ಟ್ ಮಾಡೋದು, ಆಮೇಲೆ ಯಾರು ಏನು ನೋಡಿದರು ಅಂತ ಮಾತಾಡೋದು. ಅಷ್ಟೇ. ಅದಕ್ಕೆ ಹಾಲ್ ಬೇಕಿಲ್ಲ, ಸ್ಪಾನ್ಸರ್ ಬೇಕಿಲ್ಲ. ಕಾಲೇಜಿನಲ್ಲಿ ನಿನ್ನ ಜೊತೆ ಕಲಿತು ಈಗ ಮನೆಯಲ್ಲಿ ಕೂತಿರುವವರು ಇಬ್ಬರಾದರೂ ಇದ್ದಾರೆ, ಅಲ್ವಾ? ಅವರನ್ನು ಕರೆ.

ಕೂತ ಮೇಲೆ ಹರಟೆಯಾಗಬಾರದು ಅಂದರೆ ಟೆಸ್ಟರ್‌ಗಳಾದ ಜೇಮ್ಸ್ ಬಾಕ್ ಮತ್ತು ಜೊನಾಥನ್ ಬಾಕ್ ಅಣ್ಣತಮ್ಮಂದಿರು 2000ದ ಹೊತ್ತಿಗೆ ಮುಂದಿಟ್ಟ ಪದ್ಧತಿ ಹಿಡಿಯಿರಿ. ಮೊದಲು ಒಂದು ಗುರಿ ಬರೆದುಕೊಳ್ಳಿ, ಒಂದೂವರೆ ಗಂಟೆ ಅದರ ಮೇಲೆಯೇ ಇರಿ, ಮಾಡಿದ್ದನ್ನೆಲ್ಲ ಟಿಪ್ಪಣಿ ಮಾಡಿ, ಕೊನೆಗೆ ಒಬ್ಬರಿಗೊಬ್ಬರು ವರದಿ ಒಪ್ಪಿಸಿ. ಮೊಬೈಲ್ ಪಕ್ಕಕ್ಕಿಡಿ.

ಒಂದು ಉದಾಹರಣೆ ಕೊಡುತ್ತೇನೆ. ಸ್ವೀಟ್ ಅಂಗಡಿಯ ಬಿಲ್ಲಿಂಗ್ ಆಪ್ ಅಂದುಕೋ. ಗುರಿ: "ತೂಕ ಮತ್ತು ಮೊತ್ತ". ಕುಂದಾ ಕೆಜಿಗೆ 330 ರೂಪಾಯಿ ಅಂತ ಹಾಕು. ಒಂದು ಕೆಜಿ, ಎರಡು ಕೆಜಿ ಎಲ್ಲರೂ ನೋಡುತ್ತಾರೆ. ಕಾಲು ಕೆಜಿ ಹಾಕಿದರೆ? 82.50 ಬರಬೇಕು. ತೂಕ ಸೊನ್ನೆ ಹಾಕಿದರೆ? ಮೈನಸ್ ಹಾಕಿದರೆ? 250 ಅಂತ ಗ್ರಾಂನಲ್ಲಿ ಹೊಡೆದರೆ ಅದು 250 ಕೆಜಿ ಅಂದುಕೊಳ್ಳುತ್ತಾ? ಬಿಲ್ ಅರ್ಧ ಆದಾಗ ಮಾಲೀಕರು ದರ ಬದಲಿಸಿದರೆ ಹಳೇ ಸಾಲು ಏನಾಗುತ್ತದೆ? ಪ್ರಿಂಟ್ ಒತ್ತಿದ ಕೂಡಲೇ ಕರೆಂಟ್ ಹೋದರೆ? ನಮ್ಮೂರಲ್ಲಿ ಇದೇನು ಅಪರೂಪವಲ್ಲ, ಟೆಸ್ಟ್ ಕೇಸ್ ಅಂತಲೇ ಬರೆದುಕೋ.

ಈಗ ಬಗ್, ಅಂದರೆ ದೋಷ, ಸಿಕ್ಕಿತು ಅನ್ನು. ಹೊಸಬರು ಬರೆಯೋದು ಹೀಗೆ: "ಬಿಲ್ ಟೋಟಲ್ ತಪ್ಪು ಬರ್ತಿದೆ." ಇದನ್ನು ಓದಿದ ಡೆವಲಪರ್ ಒಂದು ಕೆಜಿ ಹಾಕಿ ನೋಡಿ "ನನ್ನ ಮಷಿನ್‌ನಲ್ಲಿ ಸರಿ ಇದೆಯಲ್ಲ" ಎಂದು ಮುಚ್ಚಿಬಿಡುತ್ತಾನೆ. ಹೀಗೆ ಬರೆ: "ಕುಂದಾ ದರ 330. ತೂಕ 0.25, ಒಂದು ಸಾಲು. ಸಾಲಿನ ಮೊತ್ತ 82.50 ಬದಲು 83 ತೋರಿಸುತ್ತಿದೆ. ಇದೇ ಸಾಲು ಎರಡು ಸಲ ಹಾಕಿದರೆ ಒಟ್ಟು 166, ಬರಬೇಕಾದದ್ದು 165. ಪ್ರತಿ ಸಾಲನ್ನೂ ರೌಂಡ್ ಮಾಡಿ ಆಮೇಲೆ ಕೂಡುತ್ತಿರುವಂತಿದೆ." ಒಂದು ರೂಪಾಯಿ ವ್ಯತ್ಯಾಸ ಎಂದು ನಗಬೇಡ. ದಿನವಿಡೀ ಬಿಲ್ ಹರಿಯುವ ಅಂಗಡಿಯಲ್ಲಿ ಸಂಜೆ ಲೆಕ್ಕ ತಾಳೆಯಾಗದೆ ಗಲ್ಲಾದ ಮೇಲೆ ಕೂತ ಹುಡುಗ ಬೈಸಿಕೊಳ್ಳುತ್ತಾನೆ.

ಆ ರಿಪೋರ್ಟನ್ನು ಆಪ್ ನೋಡದ ಗೆಳತಿಗೆ ಕೊಡು. ನಿನ್ನನ್ನು ಏನೂ ಕೇಳದೆ ಆಕೆಗೆ ಆ ಬಗ್ ಮತ್ತೆ ಬರಿಸಲು ಆಗಬೇಕು. ಆಗದಿದ್ದರೆ ಮತ್ತೆ ಬರೆ. ಇಂಟರ್‌ವ್ಯೂನಲ್ಲಿ ಮಾತು ನಿಲ್ಲುವುದು ಈ ರೂಢಿ ಇಲ್ಲದ್ದಕ್ಕೇ.

ಮರುಪ್ರಶ್ನೆ (ವಿಜಯಪುರದಿಂದ):
ಮೇಡಂ, ನೀವು ಸರ್ಟಿಫಿಕೇಟ್ ಬಗ್ಗೆ ಮಾತೇ ಆಡಲಿಲ್ಲ. ಐ.ಎಸ್.ಟಿ.ಕ್ಯೂ.ಬಿ. ಇಲ್ಲದ ರೆಸ್ಯೂಮೆ ಎಚ್.ಆರ್. ಹತ್ತಿರವೇ ನಿಂತುಬಿಡುತ್ತದೆ. ಇದು ನಮ್ಮ ಅನುಭವ.

ಉತ್ತರ:
ನಿಮ್ಮ ಮಾತನ್ನು ಒಪ್ಪುತ್ತೇನೆ. ಕೆಲವು ಕಂಪನಿಗಳಲ್ಲಿ, ಅದರಲ್ಲೂ ಹೊರದೇಶದ ಗ್ರಾಹಕರಿಗೆ ಕೆಲಸ ಮಾಡುವಲ್ಲಿ, ಅದನ್ನು ಕೇಳುತ್ತಾರೆ. ಅದರ ಮೊದಲ ಹಂತವಾದ ಫೌಂಡೇಷನ್ ಲೆವೆಲ್‌ನಲ್ಲಿ 40 ಪ್ರಶ್ನೆ, 60 ನಿಮಿಷ, 65% ಬಂದರೆ ಪಾಸ್, ಅಂದರೆ 26 ಅಂಕ. ಮನೆಮಾತಲ್ಲದ ಭಾಷೆಯಲ್ಲಿ ಬರೆಯುವವರಿಗೆ 15 ನಿಮಿಷ ಜಾಸ್ತಿ ಸಿಗುತ್ತದೆ, ಕೇಳಿ ಪಡೆಯಿರಿ. 2023ರಲ್ಲಿ ಬಂದ 4ನೇ ಆವೃತ್ತಿಯ ಸಿಲಬಸ್ ಮತ್ತು ಮಾದರಿ ಪ್ರಶ್ನೆಪತ್ರಿಕೆ ಎರಡೂ ಅವರ ಸೈಟ್‌ನಲ್ಲಿ ಉಚಿತ. ಅದಕ್ಕೆ ಕೋಚಿಂಗ್ ಫೀ ಕಟ್ಟುವುದು ನನಗೆ ಸರಿ ಕಾಣೋದಿಲ್ಲ. ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಅಧ್ಯಾಯ ಓದಿ ಉಳಿದವರಿಗೆ ಹೇಳಿದರೆ ಮುಗಿಯಿತು.

ಆ ಸಿಲಬಸ್‌ನಲ್ಲೇ 'ಟೆಸ್ಟ್‌ಗಳು ಸವೆಯುತ್ತವೆ' ಎಂಬ ತತ್ವವಿದೆ. ನಿಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ: ದ್ರಾಕ್ಷಿ ತೋಟಕ್ಕೆ ವರ್ಷ ವರ್ಷವೂ ಒಂದೇ ಔಷಧಿ ಹೊಡೆದರೆ ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಟೆಸ್ಟಿಂಗ್ ಬಗ್ಗೆ ಪುಸ್ತಕ ಬರೆದ ಬೋರಿಸ್ ಬೈಜರ್ 1990ರಲ್ಲಿ ಇದನ್ನು ಕೀಟನಾಶಕದ ಹೆಸರಿನಲ್ಲೇ ಹೇಳಿದ್ದರು. ಅದೇ ಟೆಸ್ಟ್ ಕೇಸ್ ಪ್ರತಿ ರಿಲೀಸ್‌ಗೂ ಓಡಿಸುತ್ತಿದ್ದರೆ ಹೊಸ ಬಗ್ ಸಿಗೋದಿಲ್ಲ. ಬೇರೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ ಅಂತ ನಾನು ಹೇಳೋದು ಇದಕ್ಕೂ ಸೇರಿಸಿಯೇ.

ಮರುಪ್ರಶ್ನೆ (ಬಾಗಲಕೋಟೆ, ನವನಗರ):
ನಾವಿಲ್ಲಿ ಇಬ್ಬರೇ ಇದ್ದೇವೆ ರೀ. ಟೆಸ್ಟ್ ಮಾಡಲು ನಿಜವಾದ ಆಪ್ ಎಲ್ಲಿ ತರೋದು? ನಮ್ಮ ಕಾಲೇಜಿನ ರಿಸಲ್ಟ್ ಸೈಟ್ ಮೇಲೆ ಪ್ರಯತ್ನ ಮಾಡಬಹುದಾ? ಅಡ್ರೆಸ್‌ನಲ್ಲಿ ನಂಬರ್ ಬದಲಿಸಿದರೆ ಬೇರೆಯವರ ಮಾರ್ಕ್ಸ್ ಬರುತ್ತಾ ನೋಡೋಣ ಅಂತ.

ಉತ್ತರ:
ಬೇಡವೇ ಬೇಡ. ಅನುಮತಿ ಇಲ್ಲದೆ ಬೇರೆಯವರ ಮಾಹಿತಿ ತೆಗೆದು ನೋಡುವುದು 2000ದ ಐ.ಟಿ. ಕಾಯ್ದೆಯ 43ನೇ ಕಲಂ ಕೆಳಗೆ ಬರುತ್ತದೆ. ದುರುದ್ದೇಶ ಕಂಡರೆ 66ನೇ ಕಲಂ: 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಲಿಯಲು ಮಾಡಿದೆ ಅಂದರೆ ಪೊಲೀಸರು ಕೇಳೋದಿಲ್ಲ. ನಿಮ್ಮ ಪಾಡಿಗೆ ಬಳಸುವಾಗ ಅಂಥ ದೋಷ ಕಣ್ಣಿಗೆ ಬಿದ್ದರೆ ಕಾಲೇಜಿಗೆ ಬರೆದು ತಿಳಿಸಿ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸೆರ್ಟ್-ಇನ್‌ಗೂ ತಿಳಿಸಬಹುದು. ಗುಂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಬೇಡಿ. ಕೆಲಸದಲ್ಲಿರುವವರಿಗೂ ಇದೇ ಮಾತು: ಆಫೀಸಿನ ಸ್ಕ್ರೀನ್ ಇಲ್ಲಿಗೆ ಬರಬಾರದು.

ಇಬ್ಬರು ಧಾರಾಳ ಸಾಕು. ಒಬ್ಬರು ಕೀಬೋರ್ಡ್ ಹಿಡಿಯಲಿ, ಇನ್ನೊಬ್ಬರು ಬರೆದುಕೊಳ್ಳಲಿ, ಅರ್ಧಕ್ಕೆ ಅದಲುಬದಲು ಮಾಡಿ. ನಿಜವಾದ ಸಾಫ್ಟ್‌ವೇರ್ ಬೇಕೆಂದರೆ ಉಚಿತ ಆಫೀಸ್ ಸಾಫ್ಟ್‌ವೇರ್ ಲಿಬ್ರೆಆಫೀಸ್ ಇದೆ. ಬಗ್ ದಾಖಲಿಸುವ ಅವರ ಸೈಟ್ ಬಗ್‌ಜಿಲ್ಲಾದಲ್ಲಿ ಜನ ಹಾಕಿದ, ಇನ್ನೂ ಯಾರೂ ಖಚಿತಪಡಿಸದ ಬಗ್‌ಗಳಿರುತ್ತವೆ. ಒಂದು ತೆಗೆದುಕೊಂಡು ನಿಮ್ಮ ಕಂಪ್ಯೂಟರ್‌ನಲ್ಲಿ ಬರುತ್ತಾ ನೋಡಿ, ಯಾವ ಆವೃತ್ತಿ, ಯಾವ ವಿಂಡೋಸ್ ಅಂತ ಅಲ್ಲೇ ಬರೆಯಿರಿ. ಹೊಸ ಬಗ್ ಹಾಕುವ ಮುಂಚೆ ಅದೇ ಬಗ್ ಮೊದಲೇ ಇದೆಯಾ ಹುಡುಕಿ. ರೆಸ್ಯೂಮೆಯಲ್ಲಿ ಆ ಬಗ್ ನಂಬರ್ ಹಾಕಬಹುದು, ಯಾರು ಬೇಕಾದರೂ ತೆರೆದು ನೋಡುತ್ತಾರೆ.

ಇನ್ನೊಂದು, ನಿಮಗೆ ಕನ್ನಡ ಬರುತ್ತದೆ. ಇದನ್ನು ಸುಮ್ನೆ ಬಿಡಬೇಡಿ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅದು 6 ಸಂಕೇತ, ಅವನ್ನು ಉಳಿಸಿಡುವ ಯು.ಟಿ.ಎಫ್-8 ಪದ್ಧತಿಯಲ್ಲಿ 18 ಬೈಟ್. ಹೆಸರಿಗೆ 20 ಬೈಟ್ ಜಾಗ ಇಟ್ಟವರ ಆಪ್‌ನಲ್ಲಿ ಅದರ ಮುಂದಿನ ಅಕ್ಷರವೇ ಹಿಡಿಯೋದಿಲ್ಲ. 'ಗೋಕಾಕ'ದ ಓತ್ವವನ್ನು ಒಂದು ಸಂಕೇತವಾಗಿಯೂ ಇಡಬಹುದು, ಮೂರಾಗಿ ಬಿಡಿಸಿಯೂ ಇಡಬಹುದು. ನೋಡಲು ಎರಡೂ ಒಂದೇ, ಆದರೆ ಆಪ್ ಇವೆರಡನ್ನು ಒಂದು ಮಾಡಿಕೊಳ್ಳದಿದ್ದರೆ ಹುಡುಕಿದಾಗ ಊರೇ ಸಿಗೋದಿಲ್ಲ. ಎಸ್.ಎಂ.ಎಸ್. ಕಥೆಯೂ ಹಾಗೇ: ಇಂಗ್ಲಿಷ್‌ನಲ್ಲಿ 160 ಅಕ್ಷರ ಹಿಡಿಯುವ ಮೆಸೇಜ್‌ಗೆ ಒಂದೇ ಒಂದು ಕನ್ನಡ ಅಕ್ಷರ ಸೇರಿಸಿದರೂ ಸಾಮಾನ್ಯವಾಗಿ 70ಕ್ಕೆ ಇಳಿಯುತ್ತದೆ. ಉಳಿದದ್ದು ಬೇರೆ ಮೆಸೇಜ್ ಆಗುತ್ತದೆ, ದುಡ್ಡೂ ಹೆಚ್ಚು. ಕನ್ನಡದಲ್ಲಿ ಎಂದೂ ಟೈಪ್ ಮಾಡದ ಟೀಮಿಗೆ ಇದು ಹೊಳೆಯುವುದೇ ಇಲ್ಲ.

ಪ್ರತಿಕ್ರಿಯೆ (ಜಮಖಂಡಿಯವರು, ಈಗ ಬೆಂಗಳೂರಿನಲ್ಲಿ ಕೆಲಸ):
ಅಕ್ಕಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಫ್ರೆಷರ್‌ಗಳ ಇಂಟರ್‌ವ್ಯೂ ತೆಗೆದುಕೊಳ್ಳುತ್ತೇನೆ. ಟೂಲ್‌ಗಳ ಪಟ್ಟಿ ಎಲ್ಲರ ರೆಸ್ಯೂಮೆಯಲ್ಲೂ ಒಂದೇ ಥರ ಇರುತ್ತದೆ. "ನೀವೇ ಹುಡುಕಿದ ಒಂದು ಬಗ್ ಹೇಳಿ" ಎಂದರೆ ಹೆಚ್ಚಿನವರು ನೆಲ ನೋಡುತ್ತಾರೆ. ಹೇಳುವವರು ಸಿಕ್ಕರೆ ಉಳಿದ ಪ್ರಶ್ನೆ ನಾನೇ ಕಡಿಮೆ ಮಾಡುತ್ತೇನೆ. ಆದರೆ ಎಸ್.ಕ್ಯೂ.ಎಲ್. (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಮತ್ತು ಎ.ಪಿ.ಐ. (ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡುವ ದಾರಿ) ಟೆಸ್ಟಿಂಗ್ ಬರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಮರುಪ್ರಶ್ನೆ (ಉದ್ಯಮಬಾಗ, ಬೆಳಗಾವಿ):
ನಾನು ಫೌಂಡ್ರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್‌ನಲ್ಲಿದ್ದೇನೆ. ಡಿಪ್ಲೊಮಾ ಮೆಕ್ಯಾನಿಕಲ್. ನನ್ನಂಥವರು ಈ ಗುಂಪಿಗೆ ಬಂದರೆ ನಡೆಯುತ್ತಾ, ಇಲ್ಲ ಬರೀ ಕಂಪ್ಯೂಟರ್ ಓದಿದವರಿಗಾ?

ಉತ್ತರ:
ಬರ್ರಿ ಅಣ್ಣಾರ. ಡ್ರಾಯಿಂಗ್‌ನ ಟಾಲರೆನ್ಸ್ ನೋಡಿ ಅಳತೆ ಮಿತಿಯೊಳಗಿದೆಯಾ ಎಂದು ತೋರಿಸುವ ಗೋ, ನೋ-ಗೋ ಗೇಜ್ ಹಿಡಿದವರಿಗೆ ಬೌಂಡರಿ ವ್ಯಾಲ್ಯೂ (ಮಿತಿಯ ಅಂಚಿನ ಅಂಕಿಗಳನ್ನು ಟೆಸ್ಟ್ ಮಾಡುವುದು) ನಾನೇನು ಹೇಳಿಕೊಡಲಿ? ಅಂಚಿನಲ್ಲೇ ನೋಡಬೇಕು ಅನ್ನೋದು ನಿಮ್ಮ ಕೈಗೆ ಬಂದಿದೆ. ರಿಜೆಕ್ಷನ್ ಬರೆಯುವಾಗ ಯಾವ ಹೀಟ್ (ಒಮ್ಮೆಗೆ ಕರಗಿಸಿದ ಲೋಹ), ಯಾವ ಪ್ಯಾಟರ್ನ್ (ಅಚ್ಚಿನ ಮಾದರಿ) ಅಂತ ನಮೂದಿಸುತ್ತೀರಲ್ಲ, ನಮ್ಮ ಹುಡುಗರಿಗೆ ಅದನ್ನು ಕಲಿಸಲು ಎಷ್ಟೋ ತಿಂಗಳು ಬೇಕು.

ನಿಮಗೆ ಹೊಸದಾಗಿ ಬೇಕಾದದ್ದು ಎಸ್.ಕ್ಯೂ.ಎಲ್., ಬ್ರೌಸರ್‌ನ ಡೆವಲಪರ್ ಟೂಲ್ಸ್, ಆಮೇಲೆ ಒಂದು ಪ್ರೋಗ್ರಾಮಿಂಗ್ ಭಾಷೆ. ಇದೇ ಕ್ರಮದಲ್ಲಿ ಕಲಿಯಿರಿ, ಸೆಲೆನಿಯಂನಂಥ ಆಟೊಮೇಷನ್‌ನಿಂದ ಶುರು ಮಾಡಬೇಡಿ. ಮತ್ತೆ ಈಗಿನ ಕೆಲಸ ಬಿಡಬೇಡಿ. ಮೊದಲ ಟೆಸ್ಟಿಂಗ್ ಕೆಲಸದಲ್ಲಿ ಈಗಿನ ಪಗಾರಕ್ಕಿಂತ ಕಡಿಮೆ ಸಿಗಬಹುದು, ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಮೆಷಿನ್ ಶಾಪ್, ಫೌಂಡ್ರಿಗಳಿಗೆ ಇ.ಆರ್.ಪಿ. (ಇಡೀ ಕಾರ್ಖಾನೆಯ ಲೆಕ್ಕ, ಸ್ಟಾಕ್ ನೋಡುವ) ಸಾಫ್ಟ್‌ವೇರ್ ಮಾಡುವ ಕಂಪನಿಗಳನ್ನು ಮೊದಲು ನೋಡಿ. ಸ್ಟೋರ್, ಸ್ಕ್ರ್ಯಾಪ್, ರೀವರ್ಕ್ ಹೇಗೆ ಓಡುತ್ತದೆ ಎಂದು ಬಲ್ಲ ಟೆಸ್ಟರ್ ಅವರಿಗೆ ಸುಲಭವಾಗಿ ಸಿಗೋದಿಲ್ಲ. ಭಾನುವಾರ ಶಿಫ್ಟ್ ಇದ್ದರೆ ಮೊದಲೇ ತಿಳಿಸಿ, ಸಂಜೆ ಕೂರೋಣ.