ಜಂಟಿ ಸಾಂದ್ರತೆ ಗುಣಲಬ್ಧವಾಗಿ ಒಡೆದರೂ ಚರಗಳು ಸ್ವತಂತ್ರವಲ್ಲವೇಕೆ?

ಪ್ರಶ್ನೆ:
ಸಂಖ್ಯಾಶಾಸ್ತ್ರದ ಕಿರುಪರೀಕ್ಷೆಯಲ್ಲಿ ಎಕ್ಸ್ ಮತ್ತು ವೈ ಎಂಬ ಯಾದೃಚ್ಛಿಕ ಚರಗಳ ಜಂಟಿ ಸಾಂದ್ರತೆಯನ್ನು (ಎರಡೂ ಒಟ್ಟಿಗೆ ಯಾವ ಬೆಲೆಗಳ ಸುತ್ತ ಎಷ್ಟು ಸಂಭವನೀಯ ಎಂದು ಹೇಳುವ ಸೂತ್ರವನ್ನು), 0 < ಎಕ್ಸ್ < ವೈ < 1 ಆಗಿರುವಲ್ಲಿ 8·ಎಕ್ಸ್·ವೈ ಎಂದೂ ಉಳಿದೆಡೆ ಸೊನ್ನೆ ಎಂದೂ ಕೊಟ್ಟು, ಅವು ಸ್ವತಂತ್ರವೇ ಎಂದು ಕೇಳಿದ್ದರು. ಸೂತ್ರವು ಎಕ್ಸ್‌ನ ಭಾಗ ಮತ್ತು ವೈಯ ಭಾಗಗಳ ಗುಣಲಬ್ಧವಾಗಿ ಸಲೀಸಾಗಿ ಒಡೆಯುವುದರಿಂದ ‘ಹೌದು’ ಎಂದು ಬರೆದೆ, ಅಂಕ ಸಿಗಲಿಲ್ಲ. ತಪ್ಪೆಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಉತ್ತರ 1:
ನೀವು ಸೂತ್ರವನ್ನು ನೋಡಿದಿರಿ, ಅದು ಅನ್ವಯಿಸುವ ಪ್ರದೇಶವನ್ನು ಗಮನಿಸಲಿಲ್ಲ. ಇಲ್ಲಿ ಪ್ರದೇಶವು ತ್ರಿಕೋನ. ವೈ 0.5 ಎಂದು ತಿಳಿದೊಡನೆ ಎಕ್ಸ್ 0.5ಕ್ಕಿಂತ ಕಡಿಮೆ ಇರಲೇಬೇಕಾಗುತ್ತದೆ. ಒಂದರ ಬೆಲೆಯು ಇನ್ನೊಂದನ್ನು ಹೀಗೆ ಕಟ್ಟಿಹಾಕುವಾಗ ಸ್ವಾತಂತ್ರ್ಯವೆಲ್ಲಿ ಬಂತು? ಲೆಕ್ಕ ಮಾಡಿಯೂ ನೋಡಬಹುದು. ವೈಯನ್ನು ಎಕ್ಸ್‌ನಿಂದ 1ರವರೆಗೆ ಅನುಕಲಿಸಿದರೆ ಎಕ್ಸ್‌ನ ಅಂಚಿನ ಸಾಂದ್ರತೆಯು (ಅಂದರೆ ಎಕ್ಸ್ ಒಂದರದೇ ಸಾಂದ್ರತೆಯು) 4·ಎಕ್ಸ್·(1 − ಎಕ್ಸ್²) ಎಂದೂ, ಎಕ್ಸ್ ಅನ್ನು 0ಯಿಂದ ವೈವರೆಗೆ ಅನುಕಲಿಸಿದರೆ ವೈಯ ಅಂಚಿನ ಸಾಂದ್ರತೆಯು 4·ವೈ³ ಎಂದೂ ಬರುತ್ತದೆ. ಚರಗಳು ಸ್ವತಂತ್ರವಾಗಿದ್ದರೆ ಜಂಟಿ ಸಾಂದ್ರತೆಯು ಈ ಎರಡರ ಗುಣಲಬ್ಧವಾಗಿರಬೇಕಿತ್ತು. ಎಕ್ಸ್ 0.75, ವೈ 0.5 ಎಂದಿಟ್ಟರೆ ಇವೆರಡೂ ಕ್ರಮವಾಗಿ 1.3125 ಮತ್ತು 0.5 ಆಗುತ್ತವೆ, ಆದರೆ ಆ ಬಿಂದುವಿನಲ್ಲಿಯೂ ಅದರ ಸುತ್ತಮುತ್ತಲೂ ಜಂಟಿ ಸಾಂದ್ರತೆ ಸೊನ್ನೆ. ಇಡೀ ಚೌಕದ ಮೇಲೆ 4·ಎಕ್ಸ್·ವೈ ಎಂದು ಕೊಟ್ಟಿದ್ದರೆ ನಿಮ್ಮ ಉತ್ತರವೇ ಸರಿಯಾಗಿರುತ್ತಿತ್ತು.

ಉತ್ತರ 2:
ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೋಷ್ಟಕದ ಸಾಲು ಮತ್ತು ಕಂಬಗಳ ಮೊತ್ತವನ್ನು ಅಂಚಿನಲ್ಲಿ ಬರೆಯುವುದರಿಂದಲೇ ‘ಅಂಚಿನ ವಿತರಣೆ’ ಎಂಬ ಹೆಸರು. ಜಂಟಿ ವಿತರಣೆಯಿಂದ ಅಂಚುಗಳು ಸದಾ ದೊರೆಯುತ್ತವೆ, ಅಂಚುಗಳಿಂದ ಜಂಟಿ ವಿತರಣೆ ದೊರೆಯುವುದಿಲ್ಲ. ಎರಡು ನಾಣ್ಯಗಳನ್ನು ಬೇರೆ ಬೇರೆಯಾಗಿ ಚಿಮ್ಮಿದರೆ ನಾಲ್ಕು ಮನೆಗಳಲ್ಲೂ 1/4 ಇರುತ್ತದೆ. ಒಂದೇ ನಾಣ್ಯವನ್ನು ಚಿಮ್ಮಿ ಫಲಿತಾಂಶವನ್ನು ಎರಡು ಸಲ ಬರೆದುಕೊಂಡರೆ ಎರಡು ಮನೆಗಳಲ್ಲಿ 1/2, ಉಳಿದೆರಡರಲ್ಲಿ ಸೊನ್ನೆ. ಅಂಚುಗಳು ಮಾತ್ರ ಎರಡೂ ಕಡೆ 1/2, 1/2 ಆಗಿಯೇ ಉಳಿಯುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅನುಕಲನದ ಗೋಜಿಲ್ಲದೆ, ಸಹವ್ಯತ್ಯಯ (ಎರಡು ಚರಗಳು ಒಟ್ಟಿಗೆ ಏರಿಳಿಯುವುದರ ಅಳತೆ) ಸೊನ್ನೆಯಾದರೆ ಚರಗಳು ಸ್ವತಂತ್ರ ಎಂದು ತೀರ್ಮಾನಿಸಬಹುದೇ?

ಉತ್ತರ 1:
ಅದೂ ಸಲ್ಲದು. ಸ್ವತಂತ್ರ ಚರಗಳ ಸಹವ್ಯತ್ಯಯ, ಅದು ಅಸ್ತಿತ್ವದಲ್ಲಿದ್ದರೆ, ಸೊನ್ನೆಯೇ ಹೌದು, ಆದರೆ ಇದರ ವಿಲೋಮ ನಿಜವಲ್ಲ. ಎಕ್ಸ್ −1, 0, 1 ಎಂಬ ಬೆಲೆಗಳನ್ನು ತಲಾ 1/3 ಸಂಭವನೀಯತೆಯಿಂದ ಪಡೆಯಲಿ, ವೈ ಎಂಬುದು ಎಕ್ಸ್‌ನ ವರ್ಗವಾಗಿರಲಿ. ಎಕ್ಸ್‌ನ ಸರಾಸರಿಯೂ ಎಕ್ಸ್·ವೈಯ, ಅಂದರೆ ಎಕ್ಸ್³ದ, ಸರಾಸರಿಯೂ ಸೊನ್ನೆಯಾದ್ದರಿಂದ ಸಹವ್ಯತ್ಯಯವೂ ಸೊನ್ನೆ. ಆದರೆ ಎಕ್ಸ್ ತಿಳಿದರೆ ವೈಯಲ್ಲಿ ಊಹಿಸಲು ಏನೂ ಉಳಿಯುವುದಿಲ್ಲ.